‘ಕೀಮೋ ಅಂದ್ಮೇಲೆ ಇದ್ದದ್ದೇ’ ಎಂಬ ಸುಳ್ಳು

ಸಕಲೇಶಪುರ ತಾಲ್ಲೂಕಿನ ಹೆತ್ತೂರು ಹೋಬಳಿಯಲ್ಲಿ ಕ್ಯಾನ್ಸರ್ ಬಂದವರನ್ನು ನೋಡಲು ಹೋದವರು ಆಡುವ ಮಾತು ಹೆಚ್ಚುಕಡಿಮೆ ಒಂದೇ. ಕೂದಲು ಉದುರಿದೆ, ಬಾಯೆಲ್ಲ ಹುಣ್ಣು, ಊಟ ಸೇರುತ್ತಿಲ್ಲ. ಈಗ ಒಂದು ವಾರದಿಂದ ಒಣಕೆಮ್ಮು ಬೇರೆ. ಗದ್ದೆಯಿಂದ ಮನೆಗೆ ಏರು ಹತ್ತುವಷ್ಟರಲ್ಲಿ ದಮ್ಮು ಕಟ್ಟುತ್ತದೆ. ‘ಕೀಮೋ ಅಂದ್ಮೇಲೆ ಇವೆಲ್ಲ ಇದ್ದದ್ದೇ, ತಡ್ಕೋಬೇಕು’ ಎಂದು ಬಂದವರು ಸಮಾಧಾನ ಹೇಳುತ್ತಾರೆ. ಮಾತಿನಲ್ಲಿ ಮರುಕವಿದೆ, ನಿಜ. ಆದರೆ ಉದುರಿದ ಕೂದಲನ್ನೂ ಕಟ್ಟಿದ ಉಸಿರನ್ನೂ ಒಂದೇ ಪಟ್ಟಿಗೆ ಸೇರಿಸಿಬಿಡುವ ಆ ಮರುಕದಿಂದ ರೋಗಿಗೆ ಅಪಾಯವೇ ಹೆಚ್ಚು. ಕೂದಲು ಆರು ತಿಂಗಳಲ್ಲಿ ಮತ್ತೆ ಬರುತ್ತದೆ. ನಾರುಗಟ್ಟಿದ ಶ್ವಾಸಕೋಶ ಹಾಗೆ ಹಿಂದಿರುಗುವುದಿಲ್ಲ.

ಇದನ್ನು ಹಳ್ಳಿಯವರ ತಿಳಿಗೇಡಿತನ ಎಂದು ಪೇಟೆಯವರು ನಗಬೇಕಾಗಿಲ್ಲ. ದೊಡ್ಡ ಆಸ್ಪತ್ರೆಗಳಲ್ಲಿ ಕೈಗೆ ಕೊಡುವ ಕರಪತ್ರಗಳೂ ಇದೇ ತಪ್ಪನ್ನು ನುಣುಪಾದ ಕಾಗದದ ಮೇಲೆ ಮಾಡುತ್ತವೆ. ಕಿಡ್ನಿಗೆ ಒಂದು ಸಾಲು, ಶ್ವಾಸಕೋಶಕ್ಕೆ ಒಂದು ಸಾಲು, ನರಕ್ಕೆ ಒಂದು ಸಾಲು. ಒಂದೊಂದು ಅಂಗ ಒಂದೊಂದು ಬೇಲಿಯೊಳಗಿದ್ದಂತೆ, ಒಂದರ ಕಷ್ಟ ಇನ್ನೊಂದಕ್ಕೆ ಸಂಬಂಧಪಡದಂತೆ. ಕಿಡ್ನಿ ಹಾಳಾದರೆ ಕಿಡ್ನಿ ಡಾಕ್ಟರು, ಉಸಿರು ಕಟ್ಟಿದರೆ ಉಸಿರಿನ ಡಾಕ್ಟರು. ದೇಹ ಈ ಚೀಟಿ ವ್ಯವಸ್ಥೆಗೆ ಒಪ್ಪಿಗೆ ಕೊಟ್ಟಿಲ್ಲ. ಕೆಲವು ಕೀಮೋ ಔಷಧಿಗಳ ವಿಷಯದಲ್ಲಿ, ಶ್ವಾಸಕೋಶಕ್ಕೆ ಎಷ್ಟು ಪೆಟ್ಟು ಬೀಳುತ್ತದೆ ಎಂಬುದು ಬಹುಪಾಲು ಕಿಡ್ನಿಯಲ್ಲಿ ತೀರ್ಮಾನವಾಗುತ್ತದೆ. ಆ ಕಿಡ್ನಿಯನ್ನು ಕೆಡಿಸುವುದೂ ಎಷ್ಟೋ ಸಲ ಅದೇ ಚಿಕಿತ್ಸೆಯ ಇನ್ನೊಂದು ಔಷಧಿ.

ಕಾಫಿ ಸೀಮೆಯವರು ಇದನ್ನು ನಂಬಲು ದೂರ ಹೋಗಬೇಕಿಲ್ಲ. ಕಳೆ ಸುಡಲು ಹೊಡೆಯುವ ಪ್ಯಾರಾಕ್ವಾಟ್ 1962ರಲ್ಲಿ ಮಾರುಕಟ್ಟೆಗೆ ಬಂತು. ಗ್ರಾಮೋಕ್ಸೋನ್ ಎಂಬ ಹೆಸರಿನಲ್ಲಿ ತೋಟದವರಿಗೆ ಅದು ಚಿರಪರಿಚಿತ. ಆ ವಿಷ ದೇಹ ಸೇರಿದರೆ ಸಾವು ಬರುವುದು ಹೊಟ್ಟೆಯಿಂದಲೇ ಎಂದು ಹೊರಗಿನವರು ಅಂದುಕೊಳ್ಳುತ್ತಾರೆ. ವಾರ, ಎರಡು ವಾರ ವಾರ್ಡಿನ ಹೊರಗೆ ಕಾದು ಕೂತವರಿಗೆ ಗೊತ್ತು, ಕೊನೆಗೆ ಸೋಲುವುದು ಉಸಿರು. ಪ್ಯಾರಾಕ್ವಾಟ್ ಹೊರಹೋಗಲು ಕಿಡ್ನಿಯೇ ಮುಖ್ಯ ದಾರಿ. ಆದರೆ ಹೊರಹೋಗುವಾಗ ಅದು ಕಿಡ್ನಿಯನ್ನೇ ಸುಡುತ್ತದೆ. ದಾರಿ ಮುಚ್ಚಿದ ಮೇಲೆ ರಕ್ತದಲ್ಲಿ ಉಳಿದ ವಿಷವನ್ನು ಶ್ವಾಸಕೋಶದ ಜೀವಕೋಶಗಳು ಎಳೆದುಕೊಂಡು ಕೂಡಿಹಾಕುತ್ತವೆ. ಅಲ್ಲಿ ಆಮ್ಲಜನಕ ಅದಕ್ಕೆ ಜೊತೆಯಾಗುತ್ತದೆ. ಅದಕ್ಕೇ ಈ ರೋಗಿಗಳಿಗೆ ತೀರಾ ಅನಿವಾರ್ಯವಾಗುವವರೆಗೆ ಆಮ್ಲಜನಕ ಕೊಡಲು ವೈದ್ಯರು ಹಿಂಜರಿಯುವುದು.

ಕಳೆನಾಶಕಕ್ಕೂ ಕ್ಯಾನ್ಸರ್ ಔಷಧಿಗೂ ಎಲ್ಲಿಂದೆಲ್ಲಿಯ ನಂಟು ಎನ್ನಬಹುದು. ರಾಸಾಯನಿಕವಾಗಿ ಎರಡೂ ಬೇರೆ; ಒಂದು ಕೊಲ್ಲುವ ವಿಷ, ಇನ್ನೊಂದು ಬದುಕಿಸುವ ಮದ್ದು. ಆದರೆ ಕಿಡ್ನಿ, ಶ್ವಾಸಕೋಶ, ಆಮ್ಲಜನಕ ಈ ಮೂರರ ನಡುವಿನ ವ್ಯವಹಾರ ಬ್ಲಿಯೊಮೈಸಿನ್ ಎಂಬ ಔಷಧಿಯಲ್ಲಿ ಅಚ್ಚರಿಯಾಗುವಷ್ಟು ಅದೇ ಬಗೆಯದು.

ಬ್ಲಿಯೊಮೈಸಿನ್ ಜಪಾನಿನ ಹಮಾವೊ ಉಮೆಜಾವಾ ಅವರ ತಂಡ 1960ರ ದಶಕದಲ್ಲಿ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ತೆಗೆದ ಔಷಧಿ. ವೃಷಣದ ಕ್ಯಾನ್ಸರ್, ಅಂಡಾಶಯದ ಕೆಲವು ಬಗೆಯ ಗೆಡ್ಡೆಗಳು, ಹಾಡ್ಜ್‌ಕಿನ್ ಲಿಂಫೋಮಾ, ಹೀಗೆ ಹರೆಯದವರನ್ನು ಹೆಚ್ಚಾಗಿ ಹಿಡಿಯುವ, ಗುಣವೂ ಆಗುವ ಕ್ಯಾನ್ಸರುಗಳಲ್ಲಿ ಅದರ ಬಳಕೆ. ಬಹುತೇಕ ಕೀಮೋ ಔಷಧಿಗಳಂತೆ ಅದು ಅಸ್ಥಿಮಜ್ಜೆಯನ್ನು ಬಡಿಯುವುದಿಲ್ಲ, ಬಿಳಿ ರಕ್ತಕಣ ಇಳಿಯುವುದಿಲ್ಲ. ಹಾಗಾಗಿ ಅದಕ್ಕೆ ಸಾಧು ಎಂಬ ಹೆಸರು ಬಂತು. ಆ ಸಾಧುತನಕ್ಕೆ ಕಾರಣ, ದೇಹದ ಹೆಚ್ಚಿನ ಭಾಗಗಳಲ್ಲಿರುವ ಒಂದು ಕಿಣ್ವ ಅದನ್ನು ಒಡೆದು ನಿಷ್ಕ್ರಿಯಗೊಳಿಸುವುದು. ಆ ಕಿಣ್ವ ಅತಿ ಕಡಿಮೆ ಇರುವ ಜಾಗಗಳು ಎರಡು: ಚರ್ಮ ಮತ್ತು ಶ್ವಾಸಕೋಶ. ಚರ್ಮದ ಮೇಲೆ ಬಾಸುಂಡೆಯಂಥ ಕಪ್ಪು ಗೆರೆ ಮೂಡಿದರೆ ಕಣ್ಣಿಗೆ ಕಾಣುತ್ತದೆ. ಶ್ವಾಸಕೋಶದಲ್ಲಿ ಆಗುವುದು ಕಾಣುವುದಿಲ್ಲ.

ಒಡೆಯದೆ ಉಳಿದ ಬ್ಲಿಯೊಮೈಸಿನ್ ಮೂತ್ರದಲ್ಲಿ ಹೋಗಬೇಕು. ಕಿಡ್ನಿ ಸರಿಯಿದ್ದರೆ ಕೊಟ್ಟ ಔಷಧಿಯ ಅರ್ಧಕ್ಕಿಂತ ಹೆಚ್ಚು ಭಾಗ ಒಂದು ದಿನದೊಳಗೆ ಹಾಗೆ ಹೊರಬೀಳುತ್ತದೆ. ಕಿಡ್ನಿ ಸೋತರೆ ಅದು ರಕ್ತದಲ್ಲೇ ಸುತ್ತುತ್ತಿರುತ್ತದೆ, ರಕ್ಷಣೆಯಿಲ್ಲದ ಶ್ವಾಸಕೋಶಕ್ಕೆ ಮತ್ತೆ ಮತ್ತೆ ತಾಗುತ್ತಿರುತ್ತದೆ. ಇಷ್ಟು ಸರಳ ಸಂಗತಿ ಇದು. ಔಷಧಿಯ ಅಧಿಕೃತ ಸೂಚನಾಪತ್ರದಲ್ಲೇ ಕಿಡ್ನಿಯ ಸೋಸುವ ಶಕ್ತಿ ನಿಮಿಷಕ್ಕೆ 50 ಮಿಲಿಲೀಟರಿಗಿಂತ ಇಳಿದರೆ ಪ್ರಮಾಣ ಕಡಿಮೆ ಮಾಡಬೇಕೆಂಬ ಪಟ್ಟಿ ಇದೆ: 40ರಿಂದ 50ರ ನಡುವೆ ಇದ್ದರೆ ಶೇ 70, 30ರಿಂದ 40 ಆದರೆ ಶೇ 60, ಇನ್ನೂ ಇಳಿದಂತೆ ಇನ್ನೂ ಕಡಿಮೆ.

ಇನ್ನು ಕಿಡ್ನಿ ಕೆಡಿಸುವವನು ಯಾರು? ಸಿಸ್‌ಪ್ಲಾಟಿನ್. ಅಮೆರಿಕದ ಮಿಷಿಗನ್‌ನಲ್ಲಿ ಬಾರ್ನೆಟ್ ರೋಸೆನ್‌ಬರ್ಗ್ 1965ರಲ್ಲಿ ಬ್ಯಾಕ್ಟೀರಿಯಾದ ಮೇಲೆ ವಿದ್ಯುತ್ ಪ್ರಯೋಗ ಮಾಡುವಾಗ ಆಕಸ್ಮಿಕವಾಗಿ ಎದುರಾದ ಪ್ಲಾಟಿನಂ ಸಂಯುಕ್ತ ಇದು. 1974ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಲಾರೆನ್ಸ್ ಐನ್‌ಹಾರ್ನ್ ಇದನ್ನು ಬ್ಲಿಯೊಮೈಸಿನ್ ಮತ್ತು ಇನ್ನೊಂದು ಔಷಧಿಯ ಜೊತೆ ಸೇರಿಸಿ ಕೊಟ್ಟರು. ಅಲ್ಲಿಯವರೆಗೆ ಹರಡಿದ ವೃಷಣ ಕ್ಯಾನ್ಸರ್ ಎಂದರೆ ಸಾವಿನ ಚೀಟಿ. ಆಮೇಲೆ ಅದು ಬಹುಪಾಲು ಗುಣವಾಗುವ ರೋಗವಾಯಿತು. ವೈದ್ಯಕೀಯ ಇತಿಹಾಸದಲ್ಲಿ ಇಂಥ ಗೆಲುವು ಅಪರೂಪ. 2011ರ ವಿಶ್ವಕಪ್ ಗೆಲ್ಲಿಸಿದ ಯುವರಾಜ್ ಸಿಂಗ್ ಎದೆಯೊಳಗಿನ ಗೆಡ್ಡೆಗೆ ಚಿಕಿತ್ಸೆ ಪಡೆಯಲು 2012ರಲ್ಲಿ ಹೋದದ್ದು ಇದೇ ಐನ್‌ಹಾರ್ನ್ ಬಳಿಗೆ. ಆ ವರ್ಷದ ಸೆಪ್ಟೆಂಬರಿನಲ್ಲಿ ಅವರು ಮತ್ತೆ ಭಾರತ ತಂಡದಲ್ಲಿದ್ದರು.

ಗೆಲುವಿನ ಕತೆಯನ್ನು ಹೇಳುವವರು ಅದರ ಲೆಕ್ಕಪತ್ರವನ್ನೂ ಹೇಳಬೇಕು. ಸಿಸ್‌ಪ್ಲಾಟಿನ್ ಕಿಡ್ನಿಯ ಸೂಕ್ಷ್ಮ ನಾಳಗಳ ಜೀವಕೋಶಗಳಲ್ಲಿ ರಕ್ತದಲ್ಲಿರುವುದಕ್ಕಿಂತ ಹಲವು ಪಟ್ಟು ಹೆಚ್ಚು ಶೇಖರವಾಗುತ್ತದೆ. ಮೊದಲ ವರ್ಷಗಳಲ್ಲಿ ಕಿಡ್ನಿ ಕೆಟ್ಟವರ ಸಂಖ್ಯೆ ನೋಡಿ ಆ ಔಷಧಿಯನ್ನೇ ಕೈಬಿಡುವ ಮಾತು ನಡೆದಿತ್ತು. ರಕ್ತನಾಳದ ಮೂಲಕ ಧಾರಾಳವಾಗಿ ಲವಣದ ನೀರು ಕೊಟ್ಟು ಮೂತ್ರ ಹರಿಸುವ ಕ್ರಮ 1970ರ ದಶಕದಲ್ಲಿ ಬಂದ ಮೇಲೆಯೇ ಅದು ಉಳಿದುಕೊಂಡದ್ದು. ಈ ಎರಡರ ಜೊತೆ ಮೂರನೆಯ ಔಷಧಿಯೊಂದನ್ನು ಸೇರಿಸಿ ಕೊಡುವ, ಇಂದು ಬಳಕೆಯಲ್ಲಿರುವ ಬಿಇಪಿ ಕ್ರಮದಲ್ಲಿ ಸುತ್ತಿನ ಮೊದಲ ಐದು ದಿನ ಸಿಸ್‌ಪ್ಲಾಟಿನ್ ಹೋಗುತ್ತದೆ. ಬ್ಲಿಯೊಮೈಸಿನ್ ವಾರಕ್ಕೊಮ್ಮೆ, ಅಂದರೆ ಸುಮಾರಾಗಿ ಮೊದಲನೆಯ, ಎಂಟನೆಯ, ಹದಿನೈದನೆಯ ದಿನ.

ಈ ದಿನಗಳ ಲೆಕ್ಕವನ್ನು ತುಸು ನಿಧಾನಿಸಿ ನೋಡಬೇಕು. ಸಿಸ್‌ಪ್ಲಾಟಿನ್ ಮಾಡಿದ ಗಾಯ ಅವತ್ತೇ ರಕ್ತಪರೀಕ್ಷೆಯಲ್ಲಿ ಕಾಣುವುದಿಲ್ಲ. ಕೆಲವು ದಿನ ಕಳೆದ ಮೇಲೆ, ಕಿಡ್ನಿಯ ಸ್ಥಿತಿ ತಿಳಿಯಲು ನೋಡುವ ಕ್ರಿಯಾಟಿನಿನ್ ಏರುತ್ತದೆ. ಸುತ್ತಿನ ಮೊದಲ ದಿನ ರಕ್ತ ತೆಗೆದು ‘ಕಿಡ್ನಿ ಚೆನ್ನಾಗಿದೆ’ ಎಂದು ಬರೆದ ಚೀಟಿ ಎಂಟನೆಯ ದಿನಕ್ಕೆ ಹಳಸಿರುತ್ತದೆ. ಕಿಡ್ನಿ ಅತ್ಯಂತ ದುರ್ಬಲವಾಗಿರಬಹುದಾದ ಹೊತ್ತಿಗೇ, ಕಿಡ್ನಿಯನ್ನೇ ನೆಚ್ಚಿಕೊಂಡ ಔಷಧಿ ಒಳಗೆ ಹೋಗುತ್ತದೆ. ಅದೂ ‘ಇವತ್ತು ಚಿಕ್ಕ ಸೂಜಿ ಅಷ್ಟೆ, ಹಾಕಿಸ್ಕೊಂಡು ಬಸ್ ಹಿಡೀಬಹುದು’ ಎಂಬ ಹಗುರತನದಲ್ಲಿ. ಮೊದಲ ದಿನದ ಚೀಟಿಯೊಂದನ್ನೇ ನಂಬಿ ಆ ಸೂಜಿ ಹಾಕುವ ಅಭ್ಯಾಸ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಅದನ್ನು ನಿಲ್ಲಿಸಬೇಕು.

ಇದು ಹೊಸ ಸಂಶೋಧನೆಯೂ ಅಲ್ಲ. ಸಿಸ್‌ಪ್ಲಾಟಿನ್‌ನಿಂದ ಕಿಡ್ನಿ ಸೋತ ರೋಗಿ ಬ್ಲಿಯೊಮೈಸಿನ್‌ನ ಶ್ವಾಸಕೋಶದ ಹಾನಿಯಿಂದ ತೀರಿಕೊಂಡ ವರದಿ 1980ರಲ್ಲೇ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಗಿದೆ. ಪ್ಲಾಟಿನಂನಿಂದಾದ ಕಿಡ್ನಿ ಹಾನಿ ಬ್ಲಿಯೊಮೈಸಿನ್‌ನ ಶ್ವಾಸಕೋಶದ ಹಾನಿಯ ಮೇಲೆ ಏನು ಪರಿಣಾಮ ಮಾಡುತ್ತದೆ ಎಂಬ ಪ್ರಶ್ನೆಯನ್ನೇ ಎತ್ತಿಕೊಂಡು ನೆದರ್ಲೆಂಡ್ಸಿನ ಗ್ರೋನಿಂಗೆನ್‌ನ ವೈದ್ಯರು 1984ರಲ್ಲಿ ಅಧ್ಯಯನ ಪ್ರಕಟಿಸಿದರು. ಲಂಡನ್ನಿನ ರಾಯಲ್ ಮಾರ್ಸ್‌ಡನ್ ಆಸ್ಪತ್ರೆ 835 ರೋಗಿಗಳ ದಾಖಲೆ ಜಾಲಾಡಿ 2003ರಲ್ಲಿ ಲೆಕ್ಕ ಕೊಟ್ಟಿತು: 57 ಜನರಿಗೆ ಬ್ಲಿಯೊಮೈಸಿನ್‌ನಿಂದ ಶ್ವಾಸಕೋಶ ಕೆಟ್ಟಿತ್ತು, ಎಂಟು ಮಂದಿ ಅದರಿಂದಲೇ ಸತ್ತಿದ್ದರು. ಯಾರಿಗೆ ಅಪಾಯ ಹೆಚ್ಚು ಎಂದು ನೋಡಿದಾಗ ನಲವತ್ತು ದಾಟಿದ ವಯಸ್ಸು, ಔಷಧಿಯ ಒಟ್ಟು ಪ್ರಮಾಣ, ರೋಗದ ಹರಡುವಿಕೆ ಇವುಗಳ ಜೊತೆಗೆ ಕಿಡ್ನಿಯ ಸೋಸುವ ಶಕ್ತಿಯೂ ನಿಂತಿತು. ಅದು 80ಕ್ಕಿಂತ ಕೆಳಗಿದ್ದವರಲ್ಲಿ ಅಪಾಯ ಮೂರು ಪಟ್ಟಿಗೂ ಹೆಚ್ಚು. ಸೂಚನಾಪತ್ರ ಎಚ್ಚರಿಸುವುದು 50ಕ್ಕೆ. ಲಂಡನ್ನಿನ ಲೆಕ್ಕದಲ್ಲಿ ಗಂಡಾಂತರ ಕಾಣಿಸಿಕೊಂಡದ್ದು 80ಕ್ಕೇ.

‘ಕ್ರಿಯಾಟಿನಿನ್ ನಾರ್ಮಲ್ ಇದೆಯಲ್ಲ!’ ಚರ್ಚೆಯನ್ನು ಬಾಯಿ ಮುಚ್ಚಿಸಿ ಮುಗಿಸುವ ವಾಕ್ಯ ಇದು. ಚಾಲ್ತಿಯಲ್ಲಿರುವ ನಂಬಿಕೆಗಳಲ್ಲೆಲ್ಲ ಹೆಚ್ಚು ಕೇಡು ಮಾಡುವುದೂ ಇದೇ. ಕ್ರಿಯಾಟಿನಿನ್ ಸ್ನಾಯುವಿನಿಂದ ಬರುವ ತ್ಯಾಜ್ಯ. ಸ್ನಾಯು ಕರಗಿದವರಲ್ಲಿ ಅದು ಹುಟ್ಟುವುದೇ ಕಡಿಮೆ. ಕ್ಯಾನ್ಸರ್ ಬಂದು, ಊಟ ಬಿಟ್ಟು, ಹತ್ತು ಕಿಲೋ ಇಳಿದವರ ರಕ್ತದಲ್ಲಿ ಕ್ರಿಯಾಟಿನಿನ್ ತಗ್ಗಿನಲ್ಲೇ ಇರಬಹುದು, ಒಳಗೆ ಕಿಡ್ನಿ ಅರ್ಧ ಸತ್ತಿರಬಹುದು. ಪ್ರಯೋಗಾಲಯದ ಕಾಗದದಲ್ಲಿ ಅಂಕಿಯ ಪಕ್ಕ ಅಚ್ಚಾದ ‘0.7ರಿಂದ 1.3’ ಎಂಬ ಮಿತಿ ಇಂಥವರನ್ನು ನೋಡಿ ಮಾಡಿದ್ದಲ್ಲ.

ಲೆಕ್ಕ ಹಾಕಿಯೇ ನೋಡಬಹುದು. ಕಾಕ್‌ಕ್ರಾಫ್ಟ್ ಮತ್ತು ಗಾಲ್ಟ್ 1976ರಲ್ಲಿ ಕೊಟ್ಟ ಸೂತ್ರ ಹೈಸ್ಕೂಲು ಹುಡುಗರೂ ಮಾಡಬಲ್ಲಂಥದ್ದು: 140ರಲ್ಲಿ ವಯಸ್ಸು ಕಳೆದು ತೂಕದಿಂದ ಗುಣಿಸಬೇಕು, ಬಂದದ್ದನ್ನು ಕ್ರಿಯಾಟಿನಿನ್ನಿನ 72 ಪಟ್ಟಿನಿಂದ ಭಾಗಿಸಬೇಕು, ಹೆಂಗಸರಾದರೆ ಶೇ 15 ಇಳಿಸಬೇಕು. ಇಪ್ಪತ್ತೈದು ವರ್ಷದ, 65 ಕಿಲೋ ತೂಕದ ಹುಡುಗನ ಕ್ರಿಯಾಟಿನಿನ್ 1.1 ಇದ್ದರೆ ಸೋಸುವ ಶಕ್ತಿ ಸುಮಾರು 94. ಅರವತ್ತು ವರ್ಷದ, ಲೈನ್ ಮನೆಯಲ್ಲಿ ಬದುಕು ಸವೆಸಿದ, 42 ಕಿಲೋ ತೂಗುವ ಗಂಡಾಳಿನ ಕ್ರಿಯಾಟಿನಿನ್ ಕೂಡ ಅದೇ 1.1 ಎಂದುಕೊಳ್ಳಿ. ಉತ್ತರ 42. ಇಬ್ಬರ ಕಾಗದದಲ್ಲೂ ‘ನಾರ್ಮಲ್’. ಒಬ್ಬನಿಗೆ ಪೂರ್ತಿ ಬ್ಲಿಯೊಮೈಸಿನ್ ಸಲ್ಲುತ್ತದೆ. ಇನ್ನೊಬ್ಬನಿಗೆ ಸೂಚನಾಪತ್ರದ ಪ್ರಕಾರವೇ ಶೇ 70 ಮಾತ್ರ, ಕೊಡಲೇಬೇಕೆ ಎಂಬುದೂ ಪ್ರಶ್ನೆ. ಈ ಸೂತ್ರವೂ ಅಂದಾಜೇ, ತೀರಾ ಸಣಕಲು ದೇಹದಲ್ಲಿ ಅದೂ ಎಡವುತ್ತದೆ. ಎಡವುವ ಸೂತ್ರ ಒಂದಿಷ್ಟಾದರೂ ಹೇಳುತ್ತದೆ. ‘ನಾರ್ಮಲ್’ ಎಂಬ ಮುದ್ರೆಗೆ ಆ ಶಕ್ತಿಯೂ ಇಲ್ಲ. ವಿಚಿತ್ರವೆಂದರೆ, ಇದೇ ಕ್ಯಾನ್ಸರ್ ವಾರ್ಡುಗಳಲ್ಲಿ ಕಾರ್ಬೊಪ್ಲಾಟಿನ್ ಎಂಬ ಔಷಧಿಯನ್ನು 1989ರಿಂದಲೂ ಕಿಡ್ನಿಯ ಸೋಸುವ ಶಕ್ತಿಯನ್ನು ಸೂತ್ರಕ್ಕೆ ಹಾಕಿಯೇ ಅಳೆದು ಕೊಡುತ್ತಾರೆ. ಅಂದರೆ ಲೆಕ್ಕ ಬರುವುದಿಲ್ಲ ಎಂಬ ನೆಪ ಇಲ್ಲಿ ನಡೆಯುವುದಿಲ್ಲ.

ಈಗ ಹೆತ್ತೂರಿನ ಕಿಡ್ನಿಗೆ ಬರೋಣ. ಬಿಸಿಲೆ, ವಣಗೂರು ಕಡೆಯವರು ಕೀಮೋಗೆಂದು ಬೆಂಗಳೂರಿನ ಕಿದ್ವಾಯಿಗೋ ಮಂಗಳೂರಿಗೋ ಮೈಸೂರಿಗೋ ಹೋಗಿಬರುವುದು ಒಂದು ದಿನದ ಕೆಲಸವಲ್ಲ. ಬಸ್ಸಿನಲ್ಲಿ ಹೆಂಗಸರು ನೀರು ಕುಡಿಯುವುದಿಲ್ಲ, ಏಕೆಂದರೆ ಇಳಿದರೆ ಹೋಗಲು ಜಾಗವಿಲ್ಲ. ಸಿಸ್‌ಪ್ಲಾಟಿನ್ ಹಾಕಿಸಿಕೊಂಡ ಮೇಲಿನ ದಿನಗಳಲ್ಲಿ ಹೆಚ್ಚು ನೀರು ಕುಡಿದು ಮೂತ್ರ ಹರಿಸಬೇಕು ಎಂದು ವೈದ್ಯರು ಹೇಳಿದ್ದು ಹೊರಡುವ ಗಡಿಬಿಡಿಯಲ್ಲಿ ಕರಗಿಹೋಗಿರುತ್ತದೆ. ಮನೆ ಸೇರಿದರೆ ಮಳೆ, ಚಳಿ. ಜೂನ್ ಜುಲೈನ ಹೆತ್ತೂರಿನಲ್ಲಿ ಆರೋಗ್ಯವಂತರಿಗೇ ಬಾಯಾರುವುದಿಲ್ಲ. ವಾಂತಿ ಆಗುತ್ತಿರುವವರು ಎರಡು ಲೋಟ ಕಾಫಿಯಲ್ಲಿ ದಿನ ಕಳೆಯುತ್ತಾರೆ. ಕಿಡ್ನಿ ಒಣಗುವುದಕ್ಕೆ ಇಷ್ಟು ಸಾಕು.

ಇದರ ಮೇಲೆ ಮೈಕೈ ನೋವಿಗೆ ಡೈಕ್ಲೋಫಿನ್ಯಾಕ್ ಸೂಜಿ, ಇಲ್ಲವೆ ಅಂಗಡಿಯಲ್ಲಿ ಕೇಳಿದ ಕೂಡಲೇ ಸಿಗುವ ನೋವಿನ ಮಾತ್ರೆ. ಇಂಥ ನೋವುನಿವಾರಕಗಳು ಕಿಡ್ನಿಗೆ ಹೋಗುವ ರಕ್ತವನ್ನೇ ತಗ್ಗಿಸುತ್ತವೆ. ಜ್ವರ ಬಂದರೆ ಜೆಂಟಾಮೈಸಿನ್, ಅಮಿಕಾಸಿನ್ ಜಾತಿಯ ಸೂಜಿ; ಅವೂ ಕಿಡ್ನಿಗೆ ಭಾರವೇ. ಗದ್ದೆ ಕೆಸರಿನಲ್ಲಿ ಕೆಲಸ ಮಾಡುವವರನ್ನು ಕಾಡುವ ಇಲಿ ಜ್ವರ ಕಿಡ್ನಿಗೂ ಶ್ವಾಸಕೋಶಕ್ಕೂ ಒಟ್ಟಿಗೇ ಕೈಹಾಕುವಂಥದ್ದು. ಇನ್ನು ನಾಟಿ ಔಷಧಿ. ಸಾಗರ ತಾಲ್ಲೂಕಿನ ನರಸೀಪುರದಲ್ಲಿ ಕ್ಯಾನ್ಸರಿಗೆ ಚಕ್ಕೆ ಕಷಾಯದ ಔಷಧಿ ಪಡೆಯಲು ವರ್ಷಗಟ್ಟಲೆ ರಾಜ್ಯದ ಮೂಲೆಮೂಲೆಯಿಂದ ಜನ ಸರತಿ ನಿಂತದ್ದು ಎಲ್ಲರಿಗೂ ಗೊತ್ತು. ಅಲ್ಲಿಗೆ ಹೋದವರನ್ನು ಹಂಗಿಸುವುದರಿಂದ ಏನೂ ಸಿಗದು. ಕೇಳಬೇಕಾದದ್ದು ಬೇರೆ: ಕೀಮೋ ನಡೆಯುತ್ತಿರುವಾಗ ಯಾವ ಬೇರು, ಯಾವ ಸೊಪ್ಪು ಹೊಟ್ಟೆಗೆ ಹೋಗುತ್ತಿದೆ? ಹಾವು ಕಡಿತಕ್ಕೆಂದು ಮಲೆನಾಡಿನವರು ಬಲ್ಲ ಈಶ್ವರಿ ಬಳ್ಳಿಯ ಜಾತಿಯ ಗಿಡಗಳಲ್ಲಿರುವ ಆಮ್ಲವೊಂದು ಕಿಡ್ನಿಯನ್ನು ನಾರಾಗಿಸುತ್ತದೆ. 1990ರ ದಶಕದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಗಿಡಮೂಲಿಕೆಯಲ್ಲಿ ಅದು ಸೇರಿಹೋಗಿ ಹಲವು ಹೆಂಗಸರು ಕಿಡ್ನಿ ಕಳೆದುಕೊಂಡರು. ‘ಕೀಮೋ ಬಿಟ್ಟು ಬೇರೇನಾದರೂ ತಗೋತಿದ್ದೀರಾ’ ಎಂದು ಗದರಿಸಿ ಕೇಳಿದರೆ ಯಾರೂ ನಿಜ ಹೇಳುವುದಿಲ್ಲ. ಗದರದೆ ಕೇಳುವುದೂ ವೈದ್ಯ ವಿದ್ಯೆಯ ಭಾಗವೇ.

ಹೀಗೆ ಕಿಡ್ನಿಯ ಬಾಗಿಲಲ್ಲಿ ಆರೇಳು ಕೈಗಳು ಒಟ್ಟಿಗೆ ತಳ್ಳುತ್ತಿರುವಾಗ ಉಸಿರು ಕಟ್ಟುವ ರೋಗಿಗೆ ‘ಇದ್ದದ್ದೇ’ ಎನ್ನುತ್ತೇವೆ. ಇಲ್ಲವೆ ‘ಮಳೆಗಾಲ, ಥಂಡಿ ಹಿಡಿದಿದೆ’ ಎನ್ನುತ್ತೇವೆ. ಮಲೆನಾಡಿನಲ್ಲಿ ಕೆಮ್ಮಿಗೆ ಕಾರಣ ಹುಡುಕಬೇಕೆ? ಸೌದೆ ಒಲೆಯ ಹೊಗೆ, ಬೀಡಿ, ಹಳೆಯ ಉಬ್ಬಸ, ಕ್ಷಯ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಕೂಡ ನಿರಪರಾಧಿಯಲ್ಲ. ವರ್ಷಗಟ್ಟಲೆ ಅದನ್ನು ಹೊಡೆದ ಪೋರ್ಚುಗಲ್ಲಿನ ದ್ರಾಕ್ಷಿ ತೋಟದ ಕೆಲಸಗಾರರ ಶ್ವಾಸಕೋಶದಲ್ಲಿ ತಾಮ್ರ ಕೂತದ್ದನ್ನು 1969ರಲ್ಲಿ ಅಲ್ಲಿನ ವೈದ್ಯರು ವಿವರಿಸಿದ್ದಾರೆ. ಇಷ್ಟೆಲ್ಲ ಕಾರಣಗಳ ನಡುವೆ ಬ್ಲಿಯೊಮೈಸಿನ್‌ನ ಕೆಮ್ಮು ಸುಲಭವಾಗಿ ಬಚ್ಚಿಟ್ಟುಕೊಳ್ಳುತ್ತದೆ. ಅದರ ಗುರುತು ಕಫವಿಲ್ಲದ ಒಣಕೆಮ್ಮು, ಏರಿನಲ್ಲಿ ಮೊದಲು, ಆಮೇಲೆ ಸಮತಟ್ಟಿನಲ್ಲೂ ಏದುಸಿರು, ಕೆಲವರಿಗೆ ಸಣ್ಣ ಜ್ವರ. ಸ್ಟೆತಸ್ಕೋಪಿಗೆ ಬೆನ್ನಿನ ಕೆಳಭಾಗದಲ್ಲಿ ಸಣ್ಣ ಚಟಪಟ. ಬೇಗ ಗುರುತಿಸಿ ಔಷಧಿ ನಿಲ್ಲಿಸಿ ಸ್ಟೀರಾಯ್ಡ್ ಕೊಟ್ಟರೆ ಹಲವರು ಚೇತರಿಸಿಕೊಳ್ಳುತ್ತಾರೆ. ಕ್ಷಯವಿರಬಹುದೆಂದು ಆರು ವಾರ ಕಾದರೆ ಆ ಅವಕಾಶ ಕೈತಪ್ಪುತ್ತದೆ.

ಕಿಡ್ನಿ ಉಸಿರನ್ನು ಕಾಡುವ ದಾರಿ ಇದೊಂದೇ ಅಲ್ಲ ಎಂಬುದನ್ನೂ ಹೇಳಬೇಕು. ಮೂತ್ರ ಹೋಗದ ರೋಗಿಗೆ ಸಿಸ್‌ಪ್ಲಾಟಿನ್ನಿನ ಹೆಸರಲ್ಲಿ ಬಾಟಲಿ ಮೇಲೆ ಬಾಟಲಿ ಏರಿಸಿದರೆ ನೀರು ಶ್ವಾಸಕೋಶದಲ್ಲೇ ನಿಲ್ಲುತ್ತದೆ. ಸಿಸ್‌ಪ್ಲಾಟಿನ್‌ನಿಂದ ಸೋತ ಕಿಡ್ನಿ ರಕ್ತ ಹುಟ್ಟಿಸಲು ಬೇಕಾದ ಹಾರ್ಮೋನನ್ನು ಸಾಕಷ್ಟು ತಯಾರಿಸುವುದಿಲ್ಲ, ರಕ್ತಹೀನತೆಯೂ ದಮ್ಮೇ. ಮೆಥೊಟ್ರೆಕ್ಸೇಟ್ ಎಂಬ ಕೀಮೋ ಔಷಧಿ ಕೂಡ ಕಿಡ್ನಿಯನ್ನೇ ನೆಚ್ಚಿಕೊಂಡದ್ದು. ಭಾರಿ ಪ್ರಮಾಣದಲ್ಲಿ ಕೊಟ್ಟಾಗ ಅದು ಕಿಡ್ನಿಯಲ್ಲಿ ಹರಳುಗಟ್ಟಿ, ತಾನು ಹೊರಹೋಗುವ ದಾರಿಯನ್ನು ತಾನೇ ಮುಚ್ಚಿಕೊಳ್ಳಬಲ್ಲದು. ಅದರಿಂದ ಬರುವ ಶ್ವಾಸಕೋಶದ ಉರಿಯೂತ ಮಾತ್ರ ಕಡಿಮೆ ಪ್ರಮಾಣದಲ್ಲೂ ಬರಬಹುದು, ಎಲ್ಲವನ್ನೂ ಕಿಡ್ನಿಯ ತಲೆಗೆ ಕಟ್ಟುವಂತಿಲ್ಲ.

ಎದುರು ವಾದಗಳು ಹಗುರವಾದವಲ್ಲ. ಮೊದಲನೆಯದು: ಹೆದರಿಸಬೇಡಿ, ಜನ ಕೀಮೋ ಬಿಟ್ಟು ಓಡುತ್ತಾರೆ. ಗುಣವಾಗುವ ರೋಗಕ್ಕೆ ಔಷಧಿ ತಪ್ಪಿಸಿದರೆ ಅದೇ ದೊಡ್ಡ ಕೊಲೆ. ಈ ಮಾತು ಅರ್ಧ ಸರಿ. ಬ್ಲಿಯೊಮೈಸಿನ್ ಕೈಬಿಟ್ಟು ಉಳಿದೆರಡು ಔಷಧಿಗಳನ್ನು ಮೂರೇ ಸುತ್ತು ಕೊಟ್ಟ ಪ್ರಯೋಗದಲ್ಲಿ ರೋಗಿಗಳಿಗೆ ನಷ್ಟವಾಯಿತೆಂದು 1995ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿದೆ. ಹಾಗಾಗಿ ಬ್ಲಿಯೊಮೈಸಿನ್ ಬೇಡವೆಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಆದರೆ ಕಿಡ್ನಿ ದುರ್ಬಲವಿರುವವರಿಗೆ ದಾರಿಗಳಿವೆ. ಅಪಾಯ ಕಡಿಮೆಯಿರುವ ಗುಂಪಿನಲ್ಲಿ ಅದನ್ನು ಬಿಟ್ಟು ಉಳಿದೆರಡನ್ನು ನಾಲ್ಕು ಸುತ್ತು ಕೊಡಬಹುದು. ಸೈಕಲ್ ಪಟು ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್‌ಗೆ 1996ರಲ್ಲಿ ರೋಗ ಮಿದುಳಿಗೂ ಹರಡಿದ್ದಾಗ, ಅವರ ಶ್ವಾಸಕೋಶ ಉಳಿಸಲೆಂದೇ ಬ್ಲಿಯೊಮೈಸಿನ್ ಬದಲು ಬೇರೆ ಕ್ರಮವನ್ನು ಇಂಡಿಯಾನಾದ ವೈದ್ಯರು ಆರಿಸಿದರು. ಆತ ಆಮೇಲೆ ಮಾಡಿದ ಮೋಸ ಬೇರೆ ಕತೆ. ಜೀವನೋಪಾಯಕ್ಕೆ ಉಸಿರು ಬೇಕಾದವನೆಂದು ಒಬ್ಬನ ಔಷಧಿ ಬದಲಾಯಿಸಬಹುದಾದರೆ, ಬೆನ್ನ ಮೇಲೆ ಕಾಫಿ ಮೂಟೆ ಹೊತ್ತು ಏರು ಹತ್ತುವವನ ಉಸಿರು ಜೀವನೋಪಾಯವಲ್ಲವೆ?

ಹಾಡ್ಜ್‌ಕಿನ್ ರೋಗದಲ್ಲಂತೂ ಉತ್ತರ ಇನ್ನೂ ಸ್ಪಷ್ಟ. ಎರಡು ಸುತ್ತಿನ ನಂತರ ಪೆಟ್ ಸ್ಕ್ಯಾನ್ ಸ್ವಚ್ಛವಾಗಿದ್ದರೆ ಮುಂದಿನ ಸುತ್ತುಗಳಲ್ಲಿ ಬ್ಲಿಯೊಮೈಸಿನ್ ಕೈಬಿಟ್ಟರೂ ಫಲಿತಾಂಶ ಹೆಚ್ಚುಕಡಿಮೆ ಅಷ್ಟೇ, ಶ್ವಾಸಕೋಶದ ತೊಂದರೆ ಕಡಿಮೆ ಎಂದು 2016ರಲ್ಲಿ ದೊಡ್ಡ ಅಂತರರಾಷ್ಟ್ರೀಯ ಪ್ರಯೋಗವೊಂದು ತೋರಿಸಿತು. ಅರವತ್ತು ದಾಟಿದ ಹಾಡ್ಜ್‌ಕಿನ್ ರೋಗಿಗಳಲ್ಲಿ ಬ್ಲಿಯೊಮೈಸಿನ್‌ನ ಶ್ವಾಸಕೋಶದ ಹಾನಿ ಸುಮಾರು ನಾಲ್ಕರಲ್ಲೊಬ್ಬರಿಗೆ ಕಂಡ ಅಮೆರಿಕದ ವರದಿಯೂ ಇದೆ. ವಯಸ್ಸಾದವರ ಕಿಡ್ನಿ ‘ನಾರ್ಮಲ್’ ಅಂಕಿಯ ಮರೆಯಲ್ಲಿ ಹೇಗೆ ಇಳಿದಿರುತ್ತದೆ ಎಂಬುದನ್ನು ಮೇಲಿನ ಲೆಕ್ಕವೇ ಹೇಳಿದೆ.

ಎರಡನೆಯ ವಾದ: ಇದು ನೂರರಲ್ಲಿ ಕೆಲವೇ ಮಂದಿಗೆ, ಹೆಚ್ಚಿನವರ ಶ್ವಾಸಕೋಶ ಸರಿಹೋಗುತ್ತದೆ. ಹೌದು, ಡೆನ್ಮಾರ್ಕಿನ ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನ ಬಹುತೇಕರ ಉಸಿರಿನ ಶಕ್ತಿ ಮರಳಿತೆಂದೇ ಹೇಳಿದೆ. ಆದರೆ ಡೆನ್ಮಾರ್ಕಿನ ರೋಗಿಗೆ ಪ್ರತಿ ಹಂತದಲ್ಲೂ ಕಿಡ್ನಿ ಅಳೆಯುವವರಿದ್ದರು, ಶ್ವಾಸಕೋಶ ಅಳೆಯುವವರಿದ್ದರು. ಆ ಫಲಿತಾಂಶವನ್ನು ಎರವಲು ಪಡೆದು, ಅದನ್ನು ತಂದ ಕಾವಲನ್ನು ಬಿಟ್ಟುಬಿಡುವುದು ಯಾವ ನ್ಯಾಯ? ಕೆಲವೇ ಮಂದಿ ಎಂಬುದಂತೂ ಕಾವಲಿಗೆ ಪರವಾದ ವಾದವೇ. ಯಾರು ಆ ಕೆಲವರು ಎಂದು ಮುಂಚೆಯೇ ಹೇಳುವ ಸುಳಿವುಗಳಲ್ಲಿ ಕಿಡ್ನಿ ಒಂದು, ಅದೂ ಅತ್ಯಂತ ಅಗ್ಗದ್ದು.

ಮೂರನೆಯದು ನಿಜವಾದ ಕಷ್ಟ: ಹೊರರೋಗಿ ವಿಭಾಗದಲ್ಲಿ ನೂರಾರು ಜನ, ಒಬ್ಬೊಬ್ಬರಿಗೆ ಐದು ನಿಮಿಷ, ಲೆಕ್ಕ ಹಾಕುತ್ತ ಕೂರುವವರು ಯಾರು? ಇದಕ್ಕೆ ವೈದ್ಯರನ್ನು ಬೈದು ಪ್ರಯೋಜನವಿಲ್ಲ. ಕೆಲಸವನ್ನು ಹಂಚಬೇಕು. ಕ್ರಿಯಾಟಿನಿನ್ ಪರೀಕ್ಷೆಗೆ ಬೆಂಗಳೂರು ಬೇಡ. ಎಂಟನೆಯ ದಿನದ ಸೂಜಿಯ ಹಿಂದಿನ ದಿನ ಸಕಲೇಶಪುರದಲ್ಲೋ ಹಾಸನದಲ್ಲೋ ಮಾಡಿಸಿ ವರದಿಯ ಚಿತ್ರವನ್ನು ಮೊಬೈಲಿನಲ್ಲಿ ಕಳಿಸಬಹುದು. ಶಿರಾಡಿ ಘಾಟಿಯಲ್ಲಿ ದೋಣಿಗಲ್ ಬಳಿ ರಸ್ತೆ ಕುಸಿದ ಮಳೆಗಾಲದಲ್ಲೂ ಚಿತ್ರ ಹೋಗುತ್ತದೆ. ಕೋವಿಡ್ ಕಾಲದಲ್ಲಿ ಆಶಾ ಕಾರ್ಯಕರ್ತೆಯರ ಕೈಗೆ ಬಂದ ಬೆರಳಿಗೆ ಹಾಕುವ ಆಮ್ಲಜನಕ ಮಾಪಕದಿಂದ, ಕೂತಾಗ ಒಮ್ಮೆ, ಏರು ಹತ್ತಿ ಬಂದಾಗ ಒಮ್ಮೆ ನೋಡಿದರೆ ಶ್ವಾಸಕೋಶ ಒಂದಿಷ್ಟು ಹೇಳುತ್ತದೆ. ರಾಜ್ಯ ಸರ್ಕಾರ 2025ರಲ್ಲಿ ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕೀಮೋಥೆರಪಿ ಕೇಂದ್ರಗಳನ್ನು ತೆರೆಯಲು ಶುರುಮಾಡಿದೆ. ಕೀಮೋ ಮನೆಯ ಹತ್ತಿರ ಬರುವುದು ಒಳ್ಳೆಯದೇ. ಔಷಧಿಯ ಬಾಟಲಿ ಮಾತ್ರ ಜಿಲ್ಲೆಗೆ ಬಂದು, ಅದನ್ನು ಇಂದು ಕೊಡಬಹುದೇ ಎಂದು ಕಿಡ್ನಿ ನೋಡಿ ಹೇಳುವ ತಿಳಿವಳಿಕೆ ರಾಜಧಾನಿಯಲ್ಲೇ ಉಳಿದರೆ, ಹತ್ತಿರವಾದದ್ದು ಅಪಾಯ.

ಕೀಮೋ ಮುಗಿದ ಮೇಲೂ ಈ ಮಾತು ಮುಗಿಯುವುದಿಲ್ಲ. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಲ್ಲಿ ಬ್ಲಿಯೊಮೈಸಿನ್ ಪಡೆದಿದ್ದ ಐವರು ಶಸ್ತ್ರಚಿಕಿತ್ಸೆಯ ನಂತರ ಉಸಿರಾಟ ಸೋತು ಸಾಲಾಗಿ ಸತ್ತರು. ಆಮೇಲಿನ ಹನ್ನೆರಡು ಜನರಿಗೆ ಆಮ್ಲಜನಕವನ್ನೂ ದ್ರವವನ್ನೂ ಮಿತಿಗೊಳಿಸಿದಾಗ ಎಲ್ಲರೂ ಬದುಕಿದರು ಎಂದು 1978ರಲ್ಲಿ ವರದಿಯಾಯಿತು. ಕಾರಣ ಆಮ್ಲಜನಕವೋ, ದ್ರವ ಮತ್ತು ರಕ್ತ ಹೆಚ್ಚಾಗಿ ಏರಿಸಿದ್ದೋ ಎಂಬ ಬಗ್ಗೆ 1998ರ ಇನ್ನೊಂದು ಅಧ್ಯಯನದ ನಂತರ ವಾದವಿದೆ. ಎರಡರಲ್ಲಿ ಯಾವುದೇ ಆದರೂ ಅರಿವಳಿಕೆ ವೈದ್ಯರಿಗೆ ವಿಷಯ ಗೊತ್ತಿರಬೇಕು. ಗುಣವಾಗಿ ಐದು ವರ್ಷ ಕಳೆದ ಹೆತ್ತೂರಿನ ಯುವಕ ಮೆಣಸು ಕೊಯ್ಯುವ ಏಣಿಯಿಂದ ಬಿದ್ದು ತೊಡೆ ಮುರಿದುಕೊಂಡು ಹಾಸನಕ್ಕೆ ಬಂದರೆ, ಅವನ ಟ್ರಂಕಿನಲ್ಲಿರುವ ಹಳೆಯ ಡಿಸ್ಚಾರ್ಜ್ ಕಾಗದದಲ್ಲಿ ‘ಕೀಮೋ ನಾಲ್ಕು ಸೈಕಲ್ ಮುಗಿದಿದೆ’ ಎಂದಷ್ಟೇ ಇದ್ದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಬ್ಲಿಯೊಮೈಸಿನ್ ಕೊಟ್ಟಿದ್ದರೆ ಒಟ್ಟು ಎಷ್ಟು ಯೂನಿಟ್, ಪ್ರತಿ ಸೂಜಿಯ ದಿನ ಕಿಡ್ನಿಯ ಸೋಸುವ ಶಕ್ತಿ ಎಷ್ಟಿತ್ತು, ಕೊನೆಯ ಸೂಜಿ ಯಾವ ತಾರೀಕು: ಇವನ್ನು ಕನ್ನಡದಲ್ಲಿ ಎರಡು ಸಾಲಿನಲ್ಲಿ ಬರೆದು ಆ ಕಾಗದದ ಮೇಲ್ಭಾಗದಲ್ಲೇ ಕೊಡಬಹುದು.